ನಾಲ್ಕು ತಾಸು ಬೇಯಬೇಕಾದ ಮಾಂಸ, ಎಂಟು ಸೀಟಿಗೆ ಇಳಿಯುವ ಕುಕ್ಕರ್

ಮಳೆಗಾಲದ ಒಂದು ಭಾನುವಾರ ಗಣೇಶಗುಡಿಯಲ್ಲಿ ಪರಿಚಯದ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಅವರು ಹಳಿಯಾಳ ಕಡೆಯಿಂದ ಮದುವೆಯಾಗಿ ಬಂದವರು. ಹೊರಗೆ ಸೂಪಾ ಅಣೆಕಟ್ಟಿನ ಕಡೆಯಿಂದ ಮೋಡ ಇಳಿದಿತ್ತು. ಒಳಗೆ ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಕುಕ್ಕರ್ ಒಂದೇ ಸಮನೆ ಸೀಟಿ ಹೊಡೆಯುತ್ತಿತ್ತು. ಎಂಟನೇ ಸೀಟಿಗೆ ಅಕ್ಕ ಗ್ಯಾಸ್ ಆರಿಸಿದರು.

ಮಸಾಲೆ ಚೆನ್ನಾಗಿತ್ತು. ಮಾಂಸ ಮಾತ್ರ ಹಗ್ಗದ ಹಾಗಿತ್ತು. ಅಗಿದೂ ಅಗಿದೂ ದವಡೆ ಸೋತಿತು. ನಮ್ಮ ಮುಖ ನೋಡಿ ಅವರೇ ಹೇಳಿದರು: "ಸಣ್ಣ ಉರಿ ಮ್ಯಾಲೆ ಇಟ್ರ ಛಲೋ ಬೇಯ್ತದ ತಮ್ಮಾ, ನನಗೇನ್ ಗೊತ್ತಿಲ್ಲೇನು? ನಮ್ಮವ್ವ ಹಂಗ ಮಾಡ್ತಿದ್ಲು. ಈಗ ನಾಲ್ಕು ತಾಸು ವಾಸನಿ ಬಂದ್ರ ಯಾರರ ಬಂದು ಏನದು ಅಂತ ಕೇಳ್ತಾರ. ಕುಕ್ಕರಿನ್ಯಾಗ ಆದ್ರ ಅರ್ಧ ತಾಸಿಗೆ ಮುಗೀತದ."

ಆ ಮಾಂಸ ಕದ್ದದ್ದಲ್ಲ, ಕಾಡಿನದ್ದೂ ಅಲ್ಲ. ಪರವಾನಗಿ ಇರುವ ಅಂಗಡಿಯಿಂದ ದುಡ್ಡು ಕೊಟ್ಟು ತಂದ ಎಮ್ಮೆ ಮಾಂಸ. ಹಾಗಿದ್ದೂ ಕಿಟಕಿ ಮುಚ್ಚಿತ್ತು. ಅದಕ್ಕೇ ಇವತ್ತು ನಾವು ಒಂದು ಅಡುಗೆಯ ಬಗ್ಗೆ ಬರೆಯುತ್ತಿದ್ದೇವೆ. ಅಡುಗೆಯ ಕ್ರಮವನ್ನೂ ಹೇಳುತ್ತೇವೆ, ನಮ್ಮ ಅಭಿಪ್ರಾಯವನ್ನೂ ಹೇಳುತ್ತೇವೆ.

ಮೊದಲು ಒಂದು ಮಾತು. ನಮ್ಮ ಬಳಗದಲ್ಲಿ ಇದನ್ನು ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ, ಮಾಂಸವನ್ನೇ ಮುಟ್ಟದವರೂ ಇದ್ದಾರೆ. ಈ ಬರಹ ಯಾರಿಗೂ ತಿನ್ನಿ ಎಂದು ಹೇಳುವುದಿಲ್ಲ.

ಕಾನೂನು ಏನು ಹೇಳುತ್ತದೆ

ಊರಲ್ಲಿ ಬಹಳ ಜನ "ಕರ್ನಾಟಕದಲ್ಲಿ ಬೀಫ್ ಪೂರ್ತಿ ಬಂದ್" ಎಂದೇ ನಂಬಿದ್ದಾರೆ. ಕೆಲವರು ಇದಕ್ಕೆ ತದ್ವಿರುದ್ಧವಾಗಿ "ಏನೂ ಆಗಲ್ಲ ಬಿಡಿ" ಅನ್ನುತ್ತಾರೆ. ಎರಡೂ ತಪ್ಪು.

1964ರ ಹಳೆಯ ಕಾಯ್ದೆಯಲ್ಲಿ ಹಸುವಿನ ವಧೆಗೆ ನಿಷೇಧವಿತ್ತು. ವಯಸ್ಸಾದ ಎತ್ತು, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರ ಪಡೆದು ಅವಕಾಶವಿತ್ತು. ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣೆ ಕಾಯ್ದೆ, 2020 ಬಂದ ಮೇಲೆ ಇದು ಬದಲಾಯಿತು. 2020ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಪಾಸಾಯಿತು, 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು, ಫೆಬ್ರುವರಿಯಲ್ಲಿ ವಿಧಾನ ಪರಿಷತ್ತನ್ನೂ ದಾಟಿತು. ಈಗ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದ್ದಾದರೂ ಕಡಿಯುವಂತಿಲ್ಲ. ಎಮ್ಮೆ, ಕೋಣ 13 ವರ್ಷದೊಳಗಿನದ್ದಾದರೆ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಸಂಬಂಧಪಟ್ಟ ಅಧಿಕಾರಿಯ ದೃಢೀಕರಣದೊಂದಿಗೆ, ಅವಕಾಶ ಉಳಿದಿದೆ. ತಪ್ಪಿದರೆ 3ರಿಂದ 7 ವರ್ಷ ಜೈಲು, ಮೊದಲ ಸಲಕ್ಕೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ.

ಅಂದರೆ ನಮ್ಮ ಕಡೆ ಯಾರಾದರೂ "ಬೀಫ್", "ದೊಡ್ಡದು", "ಬಡೆ ಕಾ" ಎಂದು ಕಾನೂನು ಪ್ರಕಾರ ಮನೆಗೆ ತಂದರೆ, ಅದು 13 ವರ್ಷ ದಾಟಿದ ಎಮ್ಮೆ ಅಥವಾ ಕೋಣದ ಮಾಂಸ. ಬೇರೆ ಯಾವುದೂ ಅಲ್ಲ.

ಶೋಧ ಮಾಡುವ ಅಧಿಕಾರ ಯಾರಿಗಿದೆ ಎನ್ನುವುದನ್ನೂ ಕಾಯ್ದೆ ಹೇಳುತ್ತದೆ: ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ, ಇಲ್ಲವೇ ಸಕ್ಷಮ ಪ್ರಾಧಿಕಾರ. ಪಕ್ಕದ ಮನೆಯವರಿಗೆ, ದಾರಿಯಲ್ಲಿ ಬೈಕ್ ನಿಲ್ಲಿಸಿ ಚೀಲ ಬಿಚ್ಚಿಸುವ ಹುಡುಗರಿಗೆ, ವಿಡಿಯೋ ಮಾಡಿ ಗ್ರೂಪಿಗೆ ಹಾಕುವವರಿಗೆ ಆ ಅಧಿಕಾರವಿಲ್ಲ. ಅನುಮಾನ ಬಂದರೆ ಠಾಣೆಗೆ ಹೇಳಬಹುದು, ಅಷ್ಟೇ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಏನು ತಿನ್ನಬೇಕು, ಏನು ಉಡಬೇಕು ಎಂದು ಸರ್ಕಾರ ಹೇಳುವುದನ್ನು ಯಾರೂ ಇಷ್ಟಪಡುವುದಿಲ್ಲ ಎಂಬ ಅರ್ಥದ ಮಾತನ್ನು ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಚಲಮೇಶ್ವರ್ ಬರೆದಿದ್ದಾರೆ.

ಮುದಿ ಎಮ್ಮೆ ಬೇಗ ಬೇಯುವುದಿಲ್ಲ

ಈಗ ಪಾತ್ರೆಗೆ ಬರೋಣ. 13 ವರ್ಷ ದಾಟಿದ ಪ್ರಾಣಿಯ ಮಾಂಸ ಗಟ್ಟಿ. ಅದಕ್ಕೆ ಕಾರಣವಿದೆ. ಮಾಂಸದ ಎಳೆಗಳನ್ನು ಕಟ್ಟಿ ಹಿಡಿಯುವ ಬಿಳಿ ನಾರಿನ ಹೆಸರು ಕೊಲಾಜೆನ್. ಪ್ರಾಣಿಗೆ ವಯಸ್ಸಾದಷ್ಟೂ ಆ ನಾರು ಒಂದಕ್ಕೊಂದು ಹೆಣೆದುಕೊಂಡು ಬಿಗಿಯಾಗುತ್ತದೆ. ಹೆಚ್ಚು ನಡೆದ ಕಾಲು, ಹೆಚ್ಚು ತಿರುಗಿದ ಕುತ್ತಿಗೆಯಲ್ಲಿ ಇನ್ನೂ ಹೆಚ್ಚು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ನೀರಿನಲ್ಲಿ, ತಾಸುಗಟ್ಟಲೆ ಇದ್ದರೆ ಆ ನಾರು ಕರಗಿ ಜೆಲಟಿನ್ ಆಗುತ್ತದೆ. ಕಾಲುಸೂಪು ತಣ್ಣಗಾದಾಗ ಅಂಟು ಅಂಟಾಗಿ ಹೆಪ್ಪುಗಟ್ಟುತ್ತದಲ್ಲ, ಅದೇ ಇದು. ಆಗ ಮಾಂಸ ಬೆಣ್ಣೆ ಹಾಗೆ ಬಿಡುತ್ತದೆ, ರಸ ದಪ್ಪಗಾಗುತ್ತದೆ.

ಕುಕ್ಕರ್ ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುವುದರಿಂದ ಕೆಲಸ ಬೇಗ ಆಗುವುದು ನಿಜ. ಆದರೆ ಜೋರು ಉರಿಯ ಎಂಟು ಸೀಟಿ ಎಂದರೆ ಹೆಚ್ಚೆಂದರೆ ಇಪ್ಪತ್ತು–ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಎಳೆಗಳು ಬಿಗಿದು ನೀರು ಬಿಡುತ್ತವೆ, ನಾರು ಮಾತ್ರ ಕರಗಿರುವುದಿಲ್ಲ. ಹಗ್ಗವಾಗುವುದು ಇದಕ್ಕೇ.

ಹೀಗಾಗಿ ಒಂದು ವಿಚಿತ್ರ ಆಗಿದೆ. ನಿಧಾನವಾಗಿ ಬೇಯಿಸಲೇಬೇಕಾದ ಮುದಿ ಎಮ್ಮೆಯ ಮಾಂಸವನ್ನು ಮಾತ್ರ ಕಾನೂನು ಉಳಿಸಿತು. ಊರಿನ ಭಯ ಅದನ್ನು ಬೇಗ ಬೇಯಿಸಿ ಮುಗಿಸುವಂತೆ ಮಾಡಿತು. ನಾಲ್ಕು ತಾಸು ಒಲೆಯ ಮೇಲೆ ಒಂದು ಪಾತ್ರೆ ಇಡಬೇಕಾದರೆ ಮೊದಲು ಮನಸ್ಸಿಗೆ ನೆಮ್ಮದಿ ಬೇಕು.

ಚಿಲ್ಲಿ ಎಂಬ ಹೆಸರು

ಗಣೇಶಗುಡಿಗೆ ರಾಫ್ಟಿಂಗಿಗೆ ಬರುವವರ ಬಾಯಲ್ಲಿ "ಚಿಲ್ಲಿ" ಎಂದರೆ ಸೋಯಾ ಸಾಸ್ ಹಾಕಿ ಬಾಣಲೆಯಲ್ಲಿ ತಿರುವಿದ್ದು. ನಾವು ಹೇಳುತ್ತಿರುವುದು ಅದಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಒಣಮೆಣಸಿನಕಾಯಿ ನೆನೆಸಿ ಅರೆದು, ಗಟ್ಟಿ ಮಾಂಸವನ್ನು ಆ ರಸದಲ್ಲಿ ತಾಸುಗಟ್ಟಲೆ ಬೇಯಿಸುವ ಅಡುಗೆಗೆ ಚಿಲ್ಲಿ ಎನ್ನುತ್ತಾರೆ. ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ರಾತ್ರಿ ದೀಪ ಹಚ್ಚಿಕೊಂಡು ಇದನ್ನು ಮಾರುತ್ತಿದ್ದರು. ಇದು ದುಡಿಯುವ ಜನರ ಊಟ. 1977ರಲ್ಲಿ ಟೆಕ್ಸಾಸ್ ಇದನ್ನೇ ತನ್ನ ರಾಜ್ಯದ ಅಡುಗೆ ಎಂದು ಘೋಷಿಸಿತು.

ನಮಗೂ ಇದು ದೂರದ್ದೇನಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಹಡಗುಗಳಲ್ಲಿ ಈ ಕರಾವಳಿಗೆ ಬಂತು. ಅದಕ್ಕೂ ಮೊದಲು ನಮ್ಮ ಖಾರ ಎಂದರೆ ಕಾಳುಮೆಣಸು. ಇವತ್ತು ಜೋಯಿಡಾದಿಂದ ಅನಮೋಡ ಘಾಟ್ ಇಳಿದರೆ ಗೋವಾ, ಅಲ್ಲಿನ ಮನೆಗಳಲ್ಲಿ ಬೀಫ್ ಚಿಲ್ಲಿ ಫ್ರೈ ಮಾಮೂಲಿ. ಇನ್ನೊಂದು ಕಡೆ ಹಾವೇರಿ ಜಿಲ್ಲೆಯ ಬ್ಯಾಡಗಿ, ಖಾರ ಕಡಿಮೆ ಬಣ್ಣ ಹೆಚ್ಚು ಇರುವ ಮೆಣಸಿನಕಾಯಿಯ ಊರು. ಟೆಕ್ಸಾಸಿನವರು ಹುಡುಕುವುದೂ ಅಂಥದ್ದೇ ಕಾಯಿಯನ್ನು: ಬಾಯಿ ಸುಡಬಾರದು, ರಸ ಕೆಂಪಾಗಬೇಕು, ದಪ್ಪ ಬರಬೇಕು.

ಮಾಡುವುದು ಹೇಗೆ

ಆರು ಜನಕ್ಕೆ ಲೆಕ್ಕ.

ಮಾಂಸ 1 ಕೆಜಿ. ಕಾಲು, ಕುತ್ತಿಗೆ ಅಥವಾ ಎದೆಯ ಭಾಗ ಕೇಳಿ. ಮೆತ್ತಗಿನ ಭಾಗ ಈ ಅಡುಗೆಗೆ ದಂಡ. ಬ್ಯಾಡಗಿ ಮೆಣಸಿನಕಾಯಿ 12, ಖಾರದ ಗುಂಟೂರು 3ರಿಂದ 4. ಈರುಳ್ಳಿ 3, ಬೆಳ್ಳುಳ್ಳಿ 12 ಎಸಳು. ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಜೀರಿಗೆ 1 ದೊಡ್ಡ ಚಮಚ, ಕಾಳುಮೆಣಸು 1 ಸಣ್ಣ ಚಮಚ, ಒಂದು ತುಂಡು ದಾಲ್ಚಿನ್ನಿ. ಹುಳಿಗೆ ಕೋಕಂ ಸಿಪ್ಪೆ 4, ಇಲ್ಲದಿದ್ದರೆ ಟೊಮೆಟೊ 2. ಎಣ್ಣೆ 4 ದೊಡ್ಡ ಚಮಚ, ಉಪ್ಪು, ಅಡಿಕೆಯಷ್ಟು ಬೆಲ್ಲ.

ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆಯಿರಿ. ಬಿಸಿ ಹೆಂಚಿನ ಮೇಲೆ ಅರ್ಧ ನಿಮಿಷ ಆಡಿಸಿ. ಘಮ ಬಂದ ಕೂಡಲೇ ತೆಗೆಯಬೇಕು, ಕಪ್ಪಾದರೆ ಇಡೀ ಪಾತ್ರೆ ಕಹಿ. ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಬೇರೆಯಾಗಿ ಹುರಿದುಕೊಳ್ಳಿ. ಎಲ್ಲವನ್ನೂ ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ಅರೆಯಿರಿ.

ಮಾಂಸವನ್ನು ಎರಡು ಬೆರಳು ಅಗಲದ ತುಂಡು ಮಾಡಿ. ತೀರಾ ಸಣ್ಣಗೆ ಮಾಡಿದರೆ ನಾಲ್ಕು ತಾಸಿನಲ್ಲಿ ಪುಡಿಯಾಗುತ್ತದೆ. ತೊಳೆದರೆ ನೀರು ಬಸಿದು ಬಟ್ಟೆಯಿಂದ ಒರೆಸಿ. ಒದ್ದೆ ಮಾಂಸ ಹುರಿಯುವುದಿಲ್ಲ, ಬೇಯುತ್ತದೆ. ಬುಡ ದಪ್ಪ ಇರುವ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಮಾಂಸವನ್ನು ಮೂರು ಸಲಕ್ಕೆ ಹಂಚಿಕೊಂಡು ಎಲ್ಲ ಬದಿಯೂ ಕಂದು ಬಣ್ಣಕ್ಕೆ ತಿರುಗುವ ತನಕ ಹುರಿಯಿರಿ. ಒಂದೇ ಸಲ ಸುರಿದರೆ ಪಾತ್ರೆ ತಣ್ಣಗಾಗಿ ನೀರು ಬಿಡುತ್ತದೆ. ಇಲ್ಲಿ ಇಪ್ಪತ್ತು ನಿಮಿಷ ಹೋಗುತ್ತದೆ, ಹೋಗಲಿ. ರುಚಿ ಹುಟ್ಟುವುದು ಇಲ್ಲೇ.

ಮಾಂಸ ತೆಗೆದಿಟ್ಟು, ಅದೇ ಪಾತ್ರೆಯಲ್ಲಿ ಈರುಳ್ಳಿ ಹುರಿಯಿರಿ. ಬುಡಕ್ಕೆ ಅಂಟಿದ್ದೆಲ್ಲ ಬಿಟ್ಟು ಬರುತ್ತದೆ. ಅರೆದ ಮಸಾಲೆ ಹಾಕಿ ಎಣ್ಣೆ ಬಿಡುವ ತನಕ ಕೈಯಾಡಿಸಿ. ಮಾಂಸ, ದಾಲ್ಚಿನ್ನಿ, ಉಪ್ಪು ಹಾಕಿ, ಮಾಂಸ ಮುಳುಗಿ ಒಂದು ಬೆರಳು ಮೇಲೆ ಬರುವಷ್ಟು ಬಿಸಿನೀರು ಹಾಕಿ. ಒಂದು ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣದು ಮಾಡಿ ಮುಚ್ಚಿಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಕಟ್ಟಿಗೆ ಒಲೆ ಇರುವವರು ಕೊಳ್ಳಿ ಹಿಂದಕ್ಕೆ ಎಳೆದು ಕೆಂಡದ ಮೇಲೆ ಬಿಡಿ, ಗ್ಯಾಸ್ ಉಳಿಯುತ್ತದೆ.

ಅರ್ಧ ತಾಸಿಗೊಮ್ಮೆ ತಳ ಕೆರೆದು ತಿರುವಿ. ನೀರು ಕಡಿಮೆಯಾದರೆ ಬಿಸಿನೀರು ಸೇರಿಸಿ. ಮೂರು ತಾಸಿಗೆ ಕೋಕಂ, ಬೆಲ್ಲ ಹಾಕಿ. ನಾಲ್ಕನೇ ತಾಸಿಗೆ ಒಂದು ತುಂಡನ್ನು ಚಮಚದಿಂದ ಒತ್ತಿ ನೋಡಿ. ಎಳೆ ಎಳೆಯಾಗಿ ತಾನೇ ಬಿಟ್ಟರೆ ಆಯಿತು. ಇಲ್ಲದಿದ್ದರೆ ಇನ್ನರ್ಧ ತಾಸು. ಟೆಕ್ಸಾಸಿನವರು ಕಾಳು ಹಾಕಬಾರದು ಎಂದು ಜಗಳ ತೆಗೆಯುತ್ತಾರೆ. ನಮಗೆ ಆ ಹಟ ಇಲ್ಲ, ಬೇರೆಯಾಗಿ ಬೇಯಿಸಿದ ಅಲಸಂದೆ ಒಂದು ಬಟ್ಟಲು ಸೇರಿಸಿದರೆ ಒಂದು ಕೆಜಿ ಎಂಟು ಜನಕ್ಕೂ ಸಾಕಾಗುತ್ತದೆ. ಅನ್ನ, ಜೋಳದ ರೊಟ್ಟಿ, ಪಾವ್, ಯಾವುದಕ್ಕಾದರೂ ಹೊಂದುತ್ತದೆ.

ಮರುದಿನ ಇನ್ನೂ ರುಚಿ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, 100 ಮೆಗಾವಾಟಿನ ಸೂಪಾ ವಿದ್ಯುದಾಗಾರ ಕಣ್ಣೆದುರೇ ಇದ್ದರೂ ಸರಿ. ಫ್ರಿಜ್ ನಂಬುವಂತಿಲ್ಲದಿದ್ದರೆ ಅವತ್ತೇ ಖಾಲಿಯಾಗುವಷ್ಟು ಮಾಡಿ. ಬೆಂದ ಮಾಂಸ ಎರಡು ತಾಸಿಗಿಂತ ಹೆಚ್ಚು ಹೊರಗಿಡಬೇಡಿ. ಮತ್ತೆ ಬಿಸಿ ಮಾಡುವಾಗ ಚೆನ್ನಾಗಿ ಕುದಿಸಿ.

ಎಮ್ಮೆ ಸಾಕಿದವರ ಮಾತು

ಈ ವಿಷಯ ತಿನ್ನುವವರದ್ದಷ್ಟೇ ಅಲ್ಲ. ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆ ಗೌಳಿಗರ ದಡ್ಡಿಗಳಿವೆ, ಹಾಲಿಗೆ ಎಮ್ಮೆ ಕಟ್ಟಿದ ರೈತರಿದ್ದಾರೆ. ಇವರಲ್ಲಿ ಹೆಚ್ಚಿನವರು ಈ ಮಾಂಸ ಮುಟ್ಟುವವರಲ್ಲ. ಆದರೂ ಗೊಡ್ಡಾದ ಎಮ್ಮೆಯನ್ನು ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಹಾಲಿಲ್ಲದಿದ್ದರೂ ಮೇವು ಬೇಕು, ನೀರು ಬೇಕು, ಕಾಯಿಲೆಗೆ ಔಷಧ ಬೇಕು. ಹಳೇ ಎಮ್ಮೆ ಮಾರಿ ಅದಕ್ಕೆ ಸ್ವಲ್ಪ ಸೇರಿಸಿ ಹೊಸದು ತರುವುದು ಹೈನುಗಾರಿಕೆಯ ಹಳೆಯ ಲೆಕ್ಕ.

13 ವರ್ಷ ದಾಟಿದರೆ ಮಾರಬಹುದು ಎಂದರೂ, ದಾಟಿದೆ ಎಂದು ತೋರಿಸುವುದು ಹೇಗೆ? ಎಮ್ಮೆಯ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರೆ. ಸುಮಾರು ಐದು ವರ್ಷಕ್ಕೆ ಮುಂದಿನ ಹಲ್ಲೆಲ್ಲ ಬಂದಾಗಿರುತ್ತದೆ. ಆಮೇಲೆ ಹಲ್ಲು ಸವೆದಿದ್ದನ್ನು ನೋಡಿ ಅಂದಾಜು ಮಾಡಬೇಕು. ಹನ್ನೆರಡೋ ಹದಿನಾಲ್ಕೋ ಎಂಬುದು ಕೊನೆಗೆ ನೋಡುವವರ ಅಭಿಪ್ರಾಯವೇ ಆಗುತ್ತದೆ. ಅಭಿಪ್ರಾಯದ ಮೇಲೆ ಏಳು ವರ್ಷದ ಜೈಲು ನಿಂತಿದೆ ಎಂದಾಗ ಕೊಳ್ಳುವವರು ಹಿಂಜರಿಯುತ್ತಾರೆ, ಬೆಲೆ ಬಿದ್ದುಹೋಗುತ್ತದೆ. 2021ರ ಜನವರಿಯಲ್ಲಿ ಕಾಯ್ದೆ ಬಂದ ಕೂಡಲೇ ಗೋವಾದಲ್ಲಿ ಬೀಫ್ ಕೊರತೆ ಸುದ್ದಿಯಾಯಿತು. ಅಲ್ಲಿಗೆ ಮಾಂಸ, ಪ್ರಾಣಿ ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ಬೆಳಗಾವಿ ಕಡೆಯಿಂದ. ಅಲ್ಲಿ ಊಟ ತಪ್ಪಿದರೆ ಇಲ್ಲಿ ಯಾರದ್ದೋ ಸಂತೆ ತಪ್ಪಿದೆ ಎಂದೇ ಅರ್ಥ.

ಇದಕ್ಕೆ ಒಂದು ದಾರಿ ಈಗಲೇ ಇದೆ. ಪಶು ಇಲಾಖೆಯವರು ಲಸಿಕೆಗೆ ಬಂದಾಗ ಹಾಕುವ 12 ಅಂಕಿಯ ಕಿವಿಯ ಟ್ಯಾಗ್ ಬೇಡ ಎನ್ನಬೇಡಿ. ಎಮ್ಮೆ ಎಳೆಯದಿರುವಾಗಲೇ ವಯಸ್ಸು ಸರಿಯಾಗಿ ಬರೆಸಿ. ಹತ್ತು ವರ್ಷದ ನಂತರ ಹಲ್ಲಿನ ವಾದಕ್ಕಿಂತ ಆ ದಾಖಲೆ ನಿಮ್ಮ ಕೈ ಹಿಡಿಯುತ್ತದೆ. ವಯಸ್ಸಿನ ದೃಢೀಕರಣ ತಾಲ್ಲೂಕು ಪಶು ಆಸ್ಪತ್ರೆಯಲ್ಲೇ, ಇಂತಿಷ್ಟು ದಿನದೊಳಗೆ ಎಂದು ಸಿಗುವಂತಾಗಬೇಕು ಎಂಬುದು ನಮ್ಮ ಬೇಡಿಕೆ.

ಇನ್ನೊಂದು ಕಡೆಯ ಮಾತೂ ಇದೆ

ಗೋವನ್ನು ಪೂಜಿಸುವ ಮನೆಗಳು ನಮ್ಮ ಸುತ್ತ ಹೆಚ್ಚು. ಅವರ ನೋವು ನಾಟಕವಲ್ಲ. ಹಟ್ಟಿಯಿಂದ ರಾತ್ರೋರಾತ್ರಿ ದನ ಕದ್ದು ಹೋದಾಗ ಅಳುವವರನ್ನು ನಾವೇ ಕಂಡು ಸುದ್ದಿ ಬರೆದಿದ್ದೇವೆ. ಕಳ್ಳತನ ಮಾಡುವವರ ಮೇಲೆ, ಕಾನೂನು ಮೀರಿ ಕಡಿಯುವವರ ಮೇಲೆ ಕೇಸ್ ಆಗಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ.

ಕಾಡಿನ ವಿಷಯದಲ್ಲೂ ಅಷ್ಟೇ. ನಾವು ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿ. ಕಾಡುಕೋಣ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. "ಸ್ಪೆಷಲ್ ಇದೆ" ಎಂದು ಯಾರಾದರೂ ಗುಟ್ಟಾಗಿ ಮಾಂಸ ತಂದರೆ ಬಾಗಿಲಿಂದಲೇ ವಾಪಸ್ ಕಳಿಸಿ. ಅಗ್ಗ ಸಿಕ್ಕಿತೆಂದು ತಂದ ಒಂದು ಪೊಟ್ಟಣ ಇಡೀ ಕೇರಿಯ ಮೇಲೆ ಅನುಮಾನ ಹೊರಿಸುತ್ತದೆ.

ಆದ್ದರಿಂದ ತಿನ್ನುವವರಿಗೆ ನಾವು ಹೇಳುವುದು ಇಷ್ಟು. ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ. ಚೀಟಿ ಕೇಳಿ ಪಡೆಯಿರಿ, ಕೊಡದಿದ್ದರೆ ಕೊಳ್ಳಬೇಡಿ. ಚೀಟಿಯ ಫೋಟೊ ಫೋನಿನಲ್ಲಿರಲಿ. ಮೂಳೆ, ಚೂರುಗಳನ್ನು ಬಯಲಿಗೆ ಎಸೆಯದೆ ಹಿತ್ತಿಲಲ್ಲಿ ಆಳಕ್ಕೆ ಹೂಳಿ. ನಾಯಿ ಕಚ್ಚಿಕೊಂಡು ಹೋಗಿ ಇನ್ನೊಬ್ಬರ ಅಂಗಳದಲ್ಲಿ ಬಿಟ್ಟರೆ ಸುಮ್ಮನೆ ಜಗಳ. ತಿನ್ನದವರ ಮನೆಯ ಪಾತ್ರೆ ಎರವಲು ತಂದು ಬಳಸಬೇಡಿ. ಇವು ಕಾನೂನಲ್ಲ, ನೆರೆಹೊರೆಯ ಮರ್ಯಾದೆ.

ತಿನ್ನದವರಿಗೆ ಹೇಳುವುದು ಇನ್ನೂ ಕಡಿಮೆ. ಪಕ್ಕದ ಮನೆಯ ಒಗ್ಗರಣೆ ವಾಸನೆ ಹಿಡಿದು ಇದು ಯಾವುದರ ಮಾಂಸ ಎಂದು ತೀರ್ಮಾನಿಸಲು ಯಾರಿಂದಲೂ ಆಗದು. ಕುರಿಯೋ ಎಮ್ಮೆಯೋ ಎಂದು ಹೇಳಲು ಪ್ರಯೋಗಾಲಯವೇ ಬೇಕು. ಕಾನೂನು ಮುರಿದಿದ್ದಾರೆ ಎಂಬ ಬಲವಾದ ಕಾರಣ ಇದ್ದರೆ ಠಾಣೆಗೆ ಹೋಗಿ ಹೇಳಿ. ಇಲ್ಲದಿದ್ದರೆ ಆ ಮನೆಯ ಮಕ್ಕಳು ಊಟ ಮಾಡುತ್ತಿದ್ದಾರೆ ಎಂದು ತಿಳಿದು ಸುಮ್ಮನಿರಿ. ಫೋಟೊ, ವಾಯ್ಸ್ ಮೆಸೇಜ್ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಆ ಒಂದು ಮೆಸೇಜ್ ಕಳಿಸಲು ನಿಮಗೆ ಎರಡು ಸೆಕೆಂಡು ಸಾಕು. ಅದರಿಂದ ಆಗುವ ಗಲಾಟೆ ಬರೆಯಲು ನಾವು ವಾರಗಟ್ಟಲೆ ಓಡಾಡಿದ್ದೇವೆ.

ಈ ಬರಹ ಹಾಕುವ ಮೊದಲು ಗಣೇಶಗುಡಿಯ ಅಕ್ಕನಿಗೆ ಓದಿ ಹೇಳಿದೆವು. ಕೋಕಂ ಮೂರು ತಾಸಿಗೆ ಅಲ್ಲ, ಇಳಿಸುವ ಅರ್ಧ ತಾಸು ಮುಂಚೆ ಹಾಕಬೇಕು ಎಂದು ತಿದ್ದಿದರು. ನೀವು ಮಾಡುವಾಗ ಹಾಗೇ ಮಾಡಿ, ಅವರ ಕೈ ನಮ್ಮದಕ್ಕಿಂತ ಪಳಗಿದ್ದು. ಇನ್ನೊಂದು ಭಾನುವಾರ ಬರಲು ಹೇಳಿದ್ದಾರೆ. "ಈ ಸಲ ಸಣ್ಣ ಉರಿ ಮ್ಯಾಲೆ ಇಡ್ತೀನಿ, ಮುಂಜಾನಿ ಲಗೂನ ಬರ್ರಿ, ಉಳ್ಳಾಗಡ್ಡಿ ಹೆಚ್ಚಾಕ ಆಗ್ತದ" ಅಂದರು. ಕಿಟಕಿಯ ಬಗ್ಗೆ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.